ಮೋಡದ ಲೆಕ್ಕಕ್ಕೆ ಸೇರಿದ ಅಡವಿ

ನನ್ನ ಅಕ್ಕನ ಮಗಳು ಶೈಲಾ ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಂಡವಳಲ್ಲ. ಪುಣೆಯ ನಿಗಡಿ ಮಂಡಿಯಲ್ಲಿ ಅವಳನ್ನು ಕಂಡರೆ ತರಕಾರಿಯವರು ಬುಟ್ಟಿಗೆ ಗೋಣಿ ಮುಚ್ಚುತ್ತಾರೆ ಎಂದು ನಾನು ಹೇಳುವುದು ಅವಳನ್ನು ಕೆಣಕಲಿಕ್ಕೆ. ಪೂರ್ತಿ ಸುಳ್ಳೂ ಅಲ್ಲ. ಇಂಥವಳಿಗೆ ಅದೇ ಊರಿನ ಖರಾಡಿಯ ಒಂದು ಕಚೇರಿ ಕಾಡು ಪರೀಕ್ಷಿಸುವ ಕೆಲಸ ಕೊಟ್ಟಿತು. ಕಾಡು ಇರುವುದು ಆಫ್ರಿಕಾದ ಒಂದು ಸಣ್ಣ ದೇಶದಲ್ಲಿ. ಹಣ ಯುರೋಪಿನದು, ಚಿತ್ರ ಉಪಗ್ರಹದ್ದು, ಕಣ್ಣು ಮಾತ್ರ ನಮ್ಮ ಶೈಲಾಳದು. ಇದಕ್ಕೆ ಅಂತರರಾಷ್ಟ್ರೀಯ ಸಹಕಾರ ಎನ್ನುತ್ತಾರೆ.

ಎಷ್ಟು ಕಾಡು ಉಳಿದಿದೆ, ಎಷ್ಟು ಹೋಗಿದೆ ಎಂದು ಆ ದೇಶ ಹವಾಮಾನ ಬದಲಾವಣೆಯ ವರದಿ ಒಪ್ಪಿಸಬೇಕು. ಅದರ ಇಲಾಖೆಯಲ್ಲಿ ಸಾಕಷ್ಟು ಜನ ಇಲ್ಲ. ಹೀಗಾಗಿ ನಕ್ಷೆಯ ಮೇಲೆ ಚುಕ್ಕೆ ಇಟ್ಟು ಪುಣೆಗೆ ಕಳಿಸುತ್ತಾರೆ. ಪ್ರತಿ ಚುಕ್ಕೆಯನ್ನೂ ಇಬ್ಬರು, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ, ನೋಡಬೇಕು. ಹಿಂದೆ ಏನಿತ್ತು, ಈಗ ಏನಿದೆ? ಉತ್ತರ ಹೊಂದದಿದ್ದರೆ ಮೇಲಿನವರ ಎದುರು ಕೂತು ಒಮ್ಮತಕ್ಕೆ ಬರಬೇಕು.

ಒಂದು ಭಾನುವಾರ ಶೈಲಾ ಹಡಪಸರದ ನನ್ನ ಪ್ಲೈವುಡ್ ಅಂಗಡಿಗೆ ಬಂದು ಮೊಬೈಲು ಮುಂದೆ ಹಿಡಿದಳು.

"ಮಾಮಾ, ಮೊದಲಿಂದು ನೋಡ್ರಿ, ಹೂಕೋಸಿನಗತೆ ಗುಜುಗುಜು ಅದ. ಈಗಿಂದು ನೋಡ್ರಿ, ಬಾಚಣಿಕಿ ಎಳದಂಗ."

"ನೀಲಗಿರಿ ಹಚ್ಯಾರ ಬಿಡವಾ. ಅದೂ ಗಿಡಾನ ಅಲ್ಲೇನು?"

"ಸಾಗವಾನಿ ಕೇಳಿದವರಿಗೆ ನೀವು ನೀಲಗಿರಿ ಹಲಗಿ ಕೊಡ್ತೀರೇನ್ರಿ?"

"ಕೊಟ್ರ ಬಡೀತಾರ."

"ಅಲ್ಲೆ ಬಡಿಯವರು ಯಾರೂ ಇಲ್ರಿ."

ಆ ದೇಶದ ವ್ಯಾಖ್ಯೆಯಲ್ಲಿ ನೆಟ್ಟ ನೀಲಗಿರಿಯೂ ಕಾಡೇ. ಹಳೆಯ ಅಡವಿ ಕಡಿದು ಸಾಲು ಹಚ್ಚಿದರೆ ಕಾಗದದ ಮೇಲೆ ಏನೂ ಆಗಿಲ್ಲ. ಜೊತೆಗಾರ ನಿತಿನ 'ಬದಲಾವಣೆ ಇಲ್ಲ' ಎಂದು ಒತ್ತಿದ್ದ. ಶೈಲಾ ಒಂದು ನದಿಯ ಉದ್ದಕ್ಕೂ, ಚುಕ್ಕೆ ಬಿಡದೆ, 'ಕಾಡು ನಾಶ' ಎಂದು ಒತ್ತಿದ್ದಳು. ಆ ಅಡವಿ ಹೋದದ್ದು ವರದಿಯಲ್ಲಿ ಬರಲೇಬೇಕು ಎಂಬುದು ಅವಳ ಹಟ.

ಒಮ್ಮತದ ದಿನ ನಾನೂ ಅಲ್ಲಿದ್ದೆ. ಅವರ ಸಭೆಯ ಕೋಣೆಗೆ ಪ್ಲೈವುಡ್ ನನ್ನದೇ. ಬಾಗಿಲು ಸರಿಯಾಗಿ ಕೂಡುತ್ತಿಲ್ಲವೆಂದು ಬಡಗಿಯನ್ನು ಕರೆದುಕೊಂಡು ಹೋಗಿದ್ದೆ. ತರಬೇತಿಗೆಂದು ಬಂದಿದ್ದ ಆ ದೇಶದ ಅರಣ್ಯಾಧಿಕಾರಿಯೂ ಕೂತಿದ್ದ. ತಂಡದ ಮುಖ್ಯಸ್ಥೆ ಶರಣ್ಯಾ ಬೆಂಗಳೂರಿನವಳು, ಮೆದು ಮಾತಿನವಳು.

"ನೀನು ನೋಡಿರೋದು ಸುಳ್ಳು ಅಂತ ಯಾರೂ ಹೇಳ್ತಿಲ್ಲ ಶೈಲಾ. ಡೆಫಿನಿಷನ್ ಅವರದ್ದು. ನಾವು ಬರೀ ಕ್ಲಿಕ್ ಮಾಡೋರು."

"ನಡುವಿನ ವರ್ಷದ ಫೋಟೋದಾಗ ನೆಲ ಬೋಳ ಅದ ಅಲ್ರಿ ಮೇಡಂ?"

"ಅದು ಟೆಂಪರರಿ ಬೋಳು. ಮತ್ತೆ ನೆಟ್ಟಿದ್ದಾರಲ್ಲ."

"ಹಂಗಂದ್ರ ಅಲ್ಲೆ ನಿಂತಾರಲ್ಲ, ನಮ್ಮ ಮಾಮಾ, ಅವರ ತಲಿನೂ ಟೆಂಪರರಿನ."

ನಿತಿನ ನಕ್ಕ. ನಾನು ತಲೆ ಸವರಿಕೊಂಡೆ. ಅಧಿಕಾರಿಗೆ ಯಾರೋ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದರು. ಅವನು ನದಿಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ, ಆ ವ್ಯಾಖ್ಯೆ ಬರೆದ ಸಮಿತಿಯಲ್ಲಿ ತಾನೂ ಇದ್ದೆ ಎಂದಷ್ಟೇ ಹೇಳಿದ.

ಶೈಲಾ ಒಪ್ಪಲಿಲ್ಲ. ಅವಳ ಕರಾರು ಮುಗಿಯುವ ತಿಂಗಳು ಅದು. ಮನೆಗೆ ಕಳಿಸುತ್ತಾರೆ ಎಂದು ನಾನು ಎಣಿಸಿದ್ದೆ. ಅಂಗಡಿಯಲ್ಲಿ ಅವಳಿಗೊಂದು ಕುರ್ಚಿಯನ್ನೂ ಮನಸ್ಸಿನಲ್ಲೇ ಇಟ್ಟಿದ್ದೆ. ಕಳಿಸಲಿಲ್ಲ. ಕರಾರು ನಗುನಗುತ್ತ ಮುಂದುವರಿಸಿದರು. ವ್ಯಾಪಾರಿಯಾದ ನನಗೆ ಅಲ್ಲೇ ಸಂಶಯ ಬರಬೇಕಿತ್ತು.

ಮಳೆಗಾಲ ಕಳೆದ ಮೇಲೆ ವರದಿ ಹೊರಬಂತು. ಶೈಲಾ ಮೊದಲು ನದಿಯನ್ನು ಹುಡುಕಿದಳು. ಅವಳ ಚುಕ್ಕೆಗಳು ನಾಶದಲ್ಲೂ ಇಲ್ಲ, ಕಾಡಿನಲ್ಲೂ ಇಲ್ಲ. ಇಬ್ಬರ ಉತ್ತರ ಹೊಂದದವುಗಳನ್ನು ಮೋಡ ಕವಿದು ಕಾಣದವುಗಳ ಜೊತೆ ಸೇರಿಸಿ ಲೆಕ್ಕದಿಂದಲೇ ತೆಗೆದಿದ್ದರು. ಜಗಳದ ಚುಕ್ಕೆ ಹೋದ ಮೇಲೆ ಉಳಿದದ್ದೆಲ್ಲ ಒಮ್ಮತವೇ ತಾನೆ? ಇಷ್ಟು ಚೆನ್ನಾಗಿ ಹೊಂದಿದ ಕೆಲಸ ಅಪರೂಪ ಎಂದು ಯುರೋಪಿನ ಪರೀಕ್ಷಕರು ಹೊಗಳಿದ್ದರು. ಕೃತಜ್ಞತೆಯ ಪುಟದಲ್ಲಿ ಶೈಲಾಳ ಹೆಸರೂ ಇತ್ತು.

ಅವಳು ಶರಣ್ಯಾಳ ಬಳಿ ಹೋಗಿ, "ನಾ ಒಪ್ಪತೀನ್ರಿ ಮೇಡಂ, ಅಡವಿ ಅಂತನ ಬರೀರಿ. ಚುಕ್ಕಿನಾದ್ರೂ ಉಳೀಲಿ. ನಾಳೆ ಯಾರರೆ ತೆಗದು ನೋಡ್ಯಾರು" ಎಂದಳಂತೆ.

"ಸಬ್ಮಿಟ್ ಆಗೋಯ್ತಲ್ಲ ಶೈಲಾ. ಮುಂದಿನ ಸಲಾನೂ ಇದೇ ಚುಕ್ಕೆಗಳೇ. ತೆಗೆದಿರೋದು ತೆಗೆದ ಹಾಗೇ."

ಇದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. "ಸುಮ್ಮ ಇದ್ದಿದ್ರ ಅಲ್ಲೆ ಒಂದು ಸುಳ್ಳರೆ ಇರತಿತ್ತು, ಮಾಮಾ. ಜಗಳಾಡಿ ನಾ ಅದನ್ನೂ ಅಳಿಸಿದೆ."

ಈಗ ಇನ್ನೊಂದು ದೇಶದ ಕಾಡು ಬಂದಿದೆ. ಶೈಲಾ ಒತ್ತುವ ಮೊದಲು ಕುರ್ಚಿ ಸರಿಸಿ, "ನಿತಿನ, ನೀ ಏನು ಹಾಕ್ತಿ?" ಎಂದು ಕೇಳುತ್ತಾಳೆ. ಅವನು ಹೇಳಿದ್ದನ್ನೇ ತಾನೂ ಹಾಕುತ್ತಾಳೆ. ಹಾಗೆ ಕೇಳಬಾರದೆಂಬುದೇ ಅಲ್ಲಿನ ಮೊದಲ ನಿಯಮ. ಅವರಿಬ್ಬರದು ಕಚೇರಿಯಲ್ಲೇ ಅತ್ಯುತ್ತಮ ಜೋಡಿ ಎಂದು ಶರಣ್ಯಾ ಹೊಸಬರಿಗೆ ತೋರಿಸುತ್ತಾಳಂತೆ.