ಹರಿದ ಬಲೆಯನ್ನು ಕತ್ತರಿಸಿದವಳು

ಎಂ.ಎ. ಮೊದಲ ವರ್ಷದಲ್ಲಿ ನಾನು ಅಮೆರಿಕನ್ ಸಾಹಿತ್ಯದ ಪೇಪರಿನಲ್ಲಿ ಫೇಲಾಗಿದ್ದೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ಹಾಗಾಗಿ ಎಂ.ಎ.ಯಲ್ಲಿ ಫೇಲಾದವಳನ್ನು ಹೇಗೆ ಸಮಾಧಾನ ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಎರಡು ದಿನ ನನ್ನ ತಟ್ಟೆಗೆ ದೊಡ್ಡ ಬಂಗುಡೆ ಮೀನು ಬಡಿಸಿದರು, ಅಷ್ಟೆ.

ಎರಡನೆಯ ವರ್ಷ ಅದೇ ವಿಷಯದಲ್ಲಿ ಸೆಮಿನಾರ್ ಕೊಡಬೇಕಿತ್ತು. ಅದೂ ಕೆಟ್ಟರೆ ಆ ವರ್ಷ ಪದವಿ ಇಲ್ಲ. ನನ್ನ ಪಾಲಿಗೆ ಬಂದದ್ದು ಚಳಿಯ ಕಡಲತೀರದ ಒಂದು ಹಳೆಯ ಕಾದಂಬರಿ. ಕಡಲಿಗೆ ಹೋದ ಗಂಡ ಹಿಂದೆ ಬರುವುದಿಲ್ಲ. ಹೆಂಡತಿ ದಿನಾ ಅಂಗಳದಲ್ಲಿ ಅವನ ಹರಿದ ಬಲೆಯನ್ನು ಹರಡಿಕೊಂಡು, ಕತ್ತರಿಯಿಂದ ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತಾಳೆ. ಉಡುಪಿಯ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ ನೋಟ್ಸಿನಲ್ಲಿ ಎಲ್ಲದಕ್ಕೂ ಅರ್ಥ ಇತ್ತು: ಬಲೆ ಎಂದರೆ ಅಮೆರಿಕದ ಕನಸು, ತೂತು ಎಂದರೆ ಅದರ ಪೊಳ್ಳುತನ, ಕತ್ತರಿ ಎಂದರೆ ಅವಳ ಹುಚ್ಚು. ಬಾಯಿಪಾಠ ಮಾಡಿದೆ. ನಮ್ಮ ಊರು ಕಾಪುವಿನಿಂದ ಮಣಿಪಾಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಉದ್ಯಾವರದ ಸೇತುವೆಯ ಮೇಲೂ ನನ್ನ ತುಟಿ ಆಡುತ್ತಲೇ ಇರುತ್ತಿತ್ತು.

ಅಪ್ಪ ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿ ಮಾಡುವವರು. ಒಂದು ಭಾನುವಾರ ಮನೆಗೇ ಒಂದು ಬಲೆ ತಂದು, ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಜಗಲಿಯಲ್ಲಿ ಕೂತಿದ್ದರು. ನಾನು ಎದುರು ನಿಂತು ಇಂಗ್ಲಿಷಿನಲ್ಲಿ ಸೆಮಿನಾರ್ ಒಪ್ಪಿಸಿದೆ. ಅರ್ಥವಾಗದ್ದನ್ನೂ ತಲೆಯಾಡಿಸುತ್ತಾ ಪೂರ್ತಿ ಕೇಳುವುದು ಅಪ್ಪನ ಕ್ರಮ. ಮುಗಿದ ಮೇಲೆ ಕತೆ ಎಂತದ್ದು ಎಂದು ಕೇಳಿದರು. ತುಳುವಿನಲ್ಲಿ ಹೇಳುತ್ತಾ ಹೋದೆ. ಕತ್ತರಿಯ ಜಾಗ ಬಂದಾಗ ಅವರ ಕೈ ನಿಂತಿತು.

"ಅವಳಿಗೆ ಹುಚ್ಚು ಅಂತ ಯಾರು ಹೇಳಿದ್ದು?"

"ನೋಟ್ಸಿನಲ್ಲಿ ಉಂಟು ಅಪ್ಪ."

"ಅದನ್ನು ಬರೆದವನು ಬಲೆ ನೋಡಿದ್ದಾನಾ ಮಾರಾಯ್ತಿ? ನಾನೀಗ ಎಂತ ಮಾಡ್ತಾ ಇದ್ದೇನೆ, ಸ್ವಲ್ಪ ನೋಡು."

ಅಪ್ಪನ ಕೈಯಲ್ಲಿ ಸಣ್ಣ ಚೂರಿ ಇತ್ತು. ಹರಿದ ಜಾಗದ ಸುತ್ತ ಬಲೆಯನ್ನು ಕತ್ತರಿಸುತ್ತಿದ್ದರು. ದಾರ ಅರ್ಧ ತುಂಡಾದ ಬಲೆಯ ಕಣ್ಣುಗಳಿಗೆ ಗಂಟು ನಿಲ್ಲುವುದಿಲ್ಲ. ಗಟ್ಟಿ ದಾರ ಸಿಗುವವರೆಗೆ ತೂತನ್ನು ದೊಡ್ಡದು ಮಾಡಬೇಕು, ಸೂಜಿ ಆಮೇಲೆ. ಹುಟ್ಟಿದಾಗಿನಿಂದ ಕಂಡ ಕೆಲಸ. ಆದರೂ ಇಂಗ್ಲಿಷ್ ಪುಸ್ತಕದ ಬಲೆ ನಮ್ಮ ಜಗಲಿಯ ಬಲೆಯಂಥದ್ದೇ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ದೊಡ್ಡ ಪುಸ್ತಕದಲ್ಲಿ ಬಂದ ಮೇಲೆ ಅದು ಬೇರೆ ಏನೋ ಆಗಿರಲೇಬೇಕು ಎಂದು ನಂಬಿದ್ದೆ.

"ಅವಳು ರಿಪೇರಿಗೆ ಕೂತದ್ದು," ಎಂದರು ಅಪ್ಪ. "ಗಂಡ ಬಂದರೆ ಬಲೆ ಬೇಕಲ್ವಾ."

ಪುಸ್ತಕವನ್ನು ಮತ್ತೆ ತೆರೆದೆ. ಕತ್ತರಿಗಿಂತ ಎರಡು ಪುಟ ಹಿಂದೆ ಅವಳು ನೆರೆಮನೆಗೆ ಹೋಗಿ ದಾರದ ಉಂಡೆ ಕೇಳಿ ತಂದಿದ್ದಳು. ಒಂದೇ ಸಾಲು. ನೋಟ್ಸಿನಲ್ಲಿ ಆ ದಾರದ ಸುದ್ದಿಯೇ ಇರಲಿಲ್ಲ.

ಆದರೂ ಹೆದರಿಕೆ ಹೋಗಲಿಲ್ಲ. ನೋಟ್ಸನ್ನೇ ಒಪ್ಪಿಸಿದರೆ ಪಾಸು ಖಂಡಿತ. ಒಮ್ಮೆ ಫೇಲಾದವಳಿಗೆ ಹೊಸ ಮಾತು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಸೆಮಿನಾರಿನ ದಿನವೂ ನೋಟ್ಸ್ ಬ್ಯಾಗಿನಲ್ಲೇ ಇತ್ತು. ಎದ್ದು ನಿಂತಾಗ ಮಾತ್ರ ಅದನ್ನು ತೆಗೆಯಲು ಕೈ ಬರಲಿಲ್ಲ. ದಾರದಿಂದ ಶುರು ಮಾಡಿದೆ.

ನಮಗೆ ಕಲಿಸುತ್ತಿದ್ದ ಮೇಡಂ ಕಾರ್ಕಳದಿಂದ ಬರುತ್ತಿದ್ದರು, ಮಾತು ಕಡಿಮೆ. ನಾನು ಮುಗಿಸಿದ ಮೇಲೆ, ಇದು ಯಾವ ವಿಮರ್ಶಕರ ಅಭಿಪ್ರಾಯ ಎಂದು ಕೇಳಿದರು.

"ನಮ್ಮ ಅಪ್ಪನದ್ದು ಮೇಡಂ. ಮಲ್ಪೆಯಲ್ಲಿ ಬಲೆ ರಿಪೇರಿ ಮಾಡ್ತಾರೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಡಂ ನಗಲಿಲ್ಲ. ದಾರದ ಪುಟ ತೆರೆದು ಓದಿದರು, ಕತ್ತರಿಯ ಪುಟ ಓದಿದರು, ಮತ್ತೆ ಹಿಂದಕ್ಕೆ ಹೋದರು.

"ಅಡಿಟಿಪ್ಪಣಿಯಲ್ಲಿ ಅವರ ಹೆಸರು ಹಾಕಿ," ಎಂದರು.

ಪಾಸಾದೆ. ಟೈಪ್ ಮಾಡಿಸಿದ ಪ್ರಬಂಧವನ್ನು ತಂದು, ಪುಟದ ಕೆಳಗೆ ಹೆಸರು ಇರುವ ಜಾಗ ತೋರಿಸಿದೆ. ಅಪ್ಪ ಕೈಯನ್ನು ಲುಂಗಿಗೆ ಒರೆಸಿಕೊಂಡು ಅದರ ಮೇಲೆ ಬೆರಳಿಟ್ಟರು. ಆದರೆ ಕೇಳಿದ್ದು ಬೇರೆಯೇ.

"ಕಡೆಗೆ ಅವಳು ಬಲೆ ಮುಗಿಸಿದಳಾ?"

ಪುಸ್ತಕದಲ್ಲಿ ಅದನ್ನು ಬರೆದಿಲ್ಲ ಎಂದೆ.

"ಅಡ್ಡಿಲ್ಲ," ಎಂದರು. "ದಾರ ಉಂಟಲ್ಲ ಅವಳ ಹತ್ತಿರ."