ಹಗೇವಿನ ಮೇಲೆ ಕೂತ ಪಟೇಲರು

ಈಚೆಗೆ ಹಿರೀಸಾವೆ ಹತ್ತಿರದ ನಮ್ಮೂರಲ್ಲಿ ರಸ್ತೆ ಅಗಲ ಮಾಡಲು ನೆಲ ಅಗೆದಾಗ ಹಳೆಯ ಹಗೇವೊಂದು ಬಾಯಿ ತೆರೆಯಿತು. ಒಂದು ಕಾಲಕ್ಕೆ ರಾಗಿ ತುಂಬಿಡುತ್ತಿದ್ದ ಆ ಗುಂಡಿಯಿಂದ ಮುಗ್ಗಲು ವಾಸನೆ ಎದ್ದಿತು. ನನಗೆ ಪಕ್ಕದ ಮನೆಯ ಪಟೇಲರು ನೆನಪಾದರು...

ಅವರು ಮೊದಲ ಮಹಾಯುದ್ಧದಲ್ಲಿ ಕುದುರೆ ಪಡೆ ಸೇರಿ ಮರಳುಗಾಡು ಕಂಡು ಬಂದವರು. "ಇಂಗ್ಲಿಷ್ನೋರು ಮಾತು ಕೊಟ್ರೆ ತಪ್ಪಾಕಿಲ್ಲ ಕಣವ್ವ" ಎಂದು ಆಗಿನ್ನೂ ಚಿಕ್ಕವಳಾಗಿದ್ದ ನನಗೆ ಎಷ್ಟೋ ಸಲ ಹೇಳಿದ್ದರು. ಎರಡನೆಯ ಯುದ್ಧ ಬಂದಾಗ ಮನೆಮನೆಗೆ ಹೋಗಿ ಪಡೆಗೆ ಜನ ಸೇರಿಸಿದರು. ನಮ್ಮ ಹಿತ್ತಲ ಆಚೆಗಿನ ಮನೆಯ ವಿಧವೆಯ ಒಬ್ಬನೇ ಮಗ ಹೊರಟದ್ದೂ ಅವರ ಮಾತಿನ ಮೇಲೆಯೇ. "ಕಳ್ಸು ತಾಯಿ. ನಿನ್ನ ಬದುಕಿಗೆ ನಾನಿದ್ದೀನಿ" ಎಂದಿದ್ದರು.

ಬರ್ಮಾದಿಂದ ಎರಡು ಕಾಗದ ಬಂದವು. ಆಮೇಲೆ ಇಲ್ಲ.

ಅದರ ಹಿಂದೆಯೇ ಲೆವಿ ಬಂತು. ಯುದ್ಧಕಾಲದ ಹುಕುಂ, ಮನೆಗಳ ಧಾನ್ಯ ಸರ್ಕಾರಕ್ಕೆ ಸಲ್ಲಬೇಕು. ಯಾರ ಹಗೇವು ಎಲ್ಲಿದೆ ಎಂದು ತೋರಿಸುವುದು ಪಟೇಲರ ಕೆಲಸ. ಅವರು ಮೊದಲು ತಮ್ಮದನ್ನೇ ತೆಗೆಸಿದರು. ಆಮೇಲೆ ನಮ್ಮದು. ವಿಧವೆಯ ಹಿತ್ತಲಿಗೆ ಬಂದಾಗ ಆಕೆ ಅಳಲಿಲ್ಲ.

"ಮಗನ್ನ ಕೊಟ್ಟೆ ಅಣ್ಣಾ. ನಾಳೆ ಬಂದ್ರೆ ಅವನಿಗೇನು ಉಣ್ಣಾಕಿಕ್ಲಿ?"

ಪಟೇಲರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹಗೇವಿನ ಮುಚ್ಚುಗಲ್ಲಿನ ಮೇಲೆ ಕೂತುಬಿಟ್ಟರು.

"ಏಳಿ ಪಟೇಲ್ರೇ, ಸರ್ಕಾರಿ ಹುಕುಂ ಇದು" ಎಂದರು ಲೆವಿ ವಸೂಲಿಗೆ ಬಂದಿದ್ದ ಅಧಿಕಾರಿ.

"ಗೊತ್ತು ಸಾ. ನಾನೂ ಒಂದು ಮಾತು ಕೊಟ್ಟಿವ್ನಿ."

ಅವರನ್ನು ಚನ್ನರಾಯಪಟ್ಟಣಕ್ಕೆ ಕರೆದೊಯ್ದು ಕೆಲವು ದಿನ ಕೂಡಿಹಾಕಿದರು. ಪಟೇಲಿಕೆ ಹೋಯಿತು. ಅವರು ಹಿಂತಿರುಗುವಷ್ಟರಲ್ಲಿ ಆ ರಾಗಿಯೂ ಹೋಗಿತ್ತು. ಅಂದಿನಿಂದ ಅವರ ಮನೆಯಲ್ಲಿ ಬೆಂದದ್ದರಲ್ಲಿ ಒಂದು ಮುದ್ದೆ ಆಕೆಗೆ ಹೋಗುತ್ತಿತ್ತು. ಎಷ್ಟೋ ಸಲ ಒಯ್ದವಳು ನಾನೇ. ಆಕೆ ಊಟ ತೆಗೆದುಕೊಳ್ಳುತ್ತಿದ್ದಳು, ಪಟೇಲರ ಜೊತೆ ಮಾತು ಮಾತ್ರ ಆಡಲಿಲ್ಲ.

ಸ್ವಾತಂತ್ರ್ಯ ಬಂದಾಗ, ಜೈಲು ಕಂಡವರೆಂದು ಶಾಲೆಯಲ್ಲಿ ಬಾವುಟ ಏರಿಸಲು ಅವರನ್ನೇ ಕರೆದರು. ಅವರು ಒಪ್ಪಲಿಲ್ಲ.

"ಆ ಹುಡುಗನ್ನ ಕಳಿಸ್ದೋನೂ ನಾನೇ ಕಣ್ರಪ್ಪ. ನನ್ನ ಕೈಲಿ ಬ್ಯಾಡ."

ಜನರ ಹಿಂದೆ, ಆ ವಿಧವೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತರು. ಬಾವುಟ ಏರುವಾಗ ಎಲ್ಲರೂ ಮೇಲೆ ನೋಡಿದರು. ಪಟೇಲರು ಆಕೆಯನ್ನೇ ನೋಡುತ್ತಿದ್ದರು.

ಈಗ ಇಬ್ಬರೂ ಇಲ್ಲ. ಆ ಮನೆಗಳೂ ಇಲ್ಲ. ಬರ್ಮಾಕ್ಕೆ ಹೋದವನ ಹೆಸರು ಬಲ್ಲವರು ಊರಲ್ಲಿ ನಾನೊಬ್ಬಳೇ ಉಳಿದಿರಬೇಕು... ವಾರದಿಂದ ನೆನೆಸಿಕೊಳ್ಳುತ್ತಿದ್ದೇನೆ, ಹೆಸರು ಬಾಯಿಗೆ ಬರುತ್ತಿಲ್ಲ.