ಗೂಡ್ಸ್ ಆಟೋದಲ್ಲಿ ಬಂದ ಅರಮನೆ

ಎರಡು ತಿಂಗಳ ಹಿಂದೆ ಹುಣಸೂರಿನ ನಮ್ಮ ಕಾಲೇಜಿಗೆ ಒಂದು ಅರಮನೆ ಬಂತು. ಗೂಡ್ಸ್ ಆಟೋದಲ್ಲಿ.

ಸುಳ್ಳಲ್ಲ ಕಣ್ರೀ. ಬೆಳಗ್ಗೆ ಹತ್ತೂವರೆ. ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ಹೊರಟಿದ್ದೆ. ಕಾರಿಡಾರಿನಲ್ಲಿ ಬಿಳಿ ಪಂಚೆಯವರೊಬ್ಬರು, ಹೆಗಲ ಮೇಲೆ ಉದ್ದನೆಯ ಬಟ್ಟೆಯ ಸುರುಳಿ. ಇನ್ನೊಂದು ತುದಿ ಆಟೋ ಡ್ರೈವರ್ ಹೆಗಲ ಮೇಲೆ. ಆಫೀಸಿನ ಮುಂದೆ ಇಳಿಸಿದರು, ಬಿಚ್ಚಿದರು, ನೆಲಕ್ಕೆ ಹಾಸಿಯೇಬಿಟ್ಟರು. ಕೆಂಪು ಕಂಬ, ಕಮಾನು, ಸಿಂಹಾಸನ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವಾಗ ಹಿಂದೆ ಕಟ್ಟುವ ದರ್ಬಾರ್ ಪರದೆ. ಅರ್ಧ ಹಾಸುವಷ್ಟರಲ್ಲಿ ನಮ್ಮ ಕಾರಿಡಾರೇ ಮುಗಿಯಿತು.

"ಲೆಟರ್‌ಹೆಡ್ ತತ್ತಾ ಅಂದ್ರಂತಲ್ಲ ಮೇಡಮ್ನೋರೇ," ಅಂದರು. "ನಮ್ದು ಇದೇ ಕಣ್ರೀ. ಎಸ್ರು, ಊರು, ಫೋನ್ ನಂಬ್ರು ಎಲ್ಲಾ ಅದೆ. ನೋಡ್ಕಳಿ."

ಅವರು ಬೆಟ್ಟದಪುರದ ಪುಟ್ಟಸ್ವಾಮಿ. ನಾಟಕದ ಪರದೆ ಬರೆದು ಬಾಡಿಗೆಗೆ ಕೊಡುವವರು. ಪರದೆಯ ಕೆಳ ಅಂಚಿನಲ್ಲಿ ಹಳದಿ ಅಕ್ಷರದಲ್ಲಿ ಹೆಸರೂ ಇತ್ತು, ಊರೂ ಇತ್ತು. (ಫೋನ್ ನಂಬರನ್ನು ಮಾತ್ರ ಎರಡು ಸಲ ಅಳಿಸಿ ಬರೆದಿದ್ದರು.) ಅವರ ಮಗಳು ಸುಧಾ ನಮ್ಮಲ್ಲೇ ಕೊನೆಯ ವರ್ಷದ ಬಿ.ಎ. ಎಲ್ಲಿದ್ದಾಳೆ ಅಂತ ನೋಡಿದೆ. ಮೆಟ್ಟಿಲ ಪಕ್ಕ ನಿಂತು ವೇಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಲೆಟರ್‌ಹೆಡ್ ಕೇಳಿದ ಮಹಾತಾಯಿ ಬೇರೆ ಯಾರೂ ಅಲ್ಲ, ನಾನೇ.

ವಿಷಯ ಇಷ್ಟು. ಕೊನೆಯ ವರ್ಷದ ಮಕ್ಕಳು ಆರು ವಾರ ಎಲ್ಲಾದರೂ ಇಂಟರ್ನ್‌ಷಿಪ್ ಮಾಡಬೇಕು. ಮಾಡದಿದ್ದರೆ ಡಿಗ್ರಿ ಇಲ್ಲ. ಕಲಾ ವಿಭಾಗದವರು 'ಕ್ರಿಯೇಟಿವ್ ಇಂಡಸ್ಟ್ರಿ' ಜೊತೆ ಕೈಜೋಡಿಸಿ ಅಂತ ವಿಶ್ವವಿದ್ಯಾಲಯದ ಸುತ್ತೋಲೆ ಬಂತು. ಜೋಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನೂ ಬಿಡಲಿಲ್ಲ. ಮೈಸೂರಿನಲ್ಲಿ ಮದುವೆ ಸ್ಟೇಜು, ಜಾಹೀರಾತು, ಈವೆಂಟು ಅಂತೆಲ್ಲ ಮಾಡುವ ಒಂದು ಕಂಪನಿಯನ್ನು ಹಿಡಿದೆ. ಬ್ಯಾನರ್, ಬೊಕೆ, ಶಾಲು, ಗ್ರೂಪ್ ಫೋಟೋ. ಒಪ್ಪಂದಕ್ಕೆ ಸಹಿ ಬಿತ್ತು. ಫೈಲು ಬೀರು ಸೇರಿತು.

ಆಗ ಸುಧಾ ಬಂದು, "ಮೇಡಂ, ನಾನು ನಮ್ಮಪ್ಪನ ಹತ್ರಾನೇ ಮಾಡ್ಲಾ?" ಅಂದಳು.

ಅದು ನಾಟಕಗಳ ಸೀಸನ್ನು. ಅಪ್ಪನ ಎಡಗಣ್ಣಿಗೆ ಪೊರೆ ಬಂದಿದೆ. ದೊಡ್ಡ ಬಣ್ಣ ಅವರು ಬಳಿಯುತ್ತಾರೆ. ಕಂಬದ ಸಣ್ಣ ಗೆರೆ, ಕಮಾನಿನ ನೆರಳು ಇವಳದು. ಮಿರ್ಲೆಯ ನಾಟಕಕ್ಕೆ ಹೊಸ ಪರದೆ ಬರೆದುಕೊಡುತ್ತೇನೆ ಅಂತ ಅಪ್ಪ ಮಾತು ಕೊಟ್ಟಾಗಿದೆ. ಇವಳು ಆರು ವಾರ ಮೈಸೂರಿಗೆ ಹೋದರೆ ಆ ಪರದೆ ಆಗುವುದಿಲ್ಲ. ಹೋಗದಿದ್ದರೆ ಡಿಗ್ರಿ ಆಗುವುದಿಲ್ಲ.

ನಾನೇನಂದೆ? "ಅದೆಲ್ಲ ಇಂಡಸ್ಟ್ರಿ ಅಲ್ಲಮ್ಮ. ಲೆಟರ್‌ಹೆಡ್ ಇದೆಯಾ?" (ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.)

ಗಲಾಟೆ ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದರು. ಹಿಂದೆಯೇ ಗುಮಾಸ್ತ ರಾಜಣ್ಣ. ಅವರ ಊರೇ ಮಿರ್ಲೆ. ಪರದೆ ನೋಡಿದ್ದೇ ತಡ, ಆ ಮನುಷ್ಯನ ಮುಖವೇ ಬದಲಾಯಿತು.

"ಅಯ್ಯಯ್ಯೋ, ಇದು ನಮ್ಮೂರ್ಗೆ ಬಂದಿತ್ತು ಸಾರ್! ಇದ್ರ ಮುಂದೆ ನಿಂತ್ಕಂಡೇ ನಾನು ಮಂತ್ರಿ ಪಾರ್ಟ್ ಮಾಡಿವ್ನಿ!" ಅಂದವರು ಚಪ್ಪಲಿ ಬಿಟ್ಟು, ಸ್ವಲ್ಪ ತಡೆದು, "ಸಾರ್... ನಿಮ್ ಷೂ ಸಿಂಹಾಸನದ ಮ್ಯಾಲದೆ," ಅಂದರು. ಪ್ರಿನ್ಸಿಪಾಲರು ಹಾರಿಬಿದ್ದು ಹಿಂದೆ ಸರಿದರು.

ಇವರ ಜೊತೆಗೂ ಒಂದು ಒಪ್ಪಂದ ಆಗಲಿ ಅಂದರು. ಸರಿ, ನಮೂನೆ ತಂದು ಓದಿ ಹೇಳಿದೆ. ಪುಟ್ಟಸ್ವಾಮಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ.

"ಅಲ್ಲ, ನಾನು ನಿಮ್ಗೆ ಏನ್ ಕೊಡ್ಬೇಕು, ನೀವು ನಂಗೇನ್ ಕೊಡ್ತೀರ?"

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ರಾಜಣ್ಣನ ಮುಖ ನೋಡಿದೆ. ರಾಜಣ್ಣ ಪರದೆ ನೋಡುತ್ತಿದ್ದರು. ಮೈಸೂರಿನ ಕಂಪನಿಯವರು ಈ ಪ್ರಶ್ನೆ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಫೋಟೋ ಚೆನ್ನಾಗಿ ಬಂದಿತ್ತು, ಅಷ್ಟೆ.

ಅವರೇ ಮುಂದುವರಿಸಿದರು. "ನಾನು ಒಂದತ್ತು ಮಕ್ಳಿಗೆ ಪರದೆ ಬರಿಯಾದ ಕಲ್ಸ್ತೀನಿ. ನೀವು ಒಂದ್ ಕೆಲ್ಸ ಮಾಡ್ಕೊಡಿ. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಬಣ್ಣ ಉದುರ್ತದೆ. ಬಣ್ಣಕ್ಕೆ ಆಕೋ ಅಂಟು ಜಾಸ್ತಿ ಆದ್ರೆ ಸೀಳ್ತದೆ, ಕಮ್ಮಿ ಆದ್ರೆ ಕೈಗೇ ಮೆತ್ಕತದೆ. ಇಷ್ಟು ದೊಡ್ ಕಾಲೇಜು, ಇದ್ಕೊಂದು ದಾರಿ ಏಳೋರು ಯಾರೂ ಇಲ್ವಾ?"

ಇದ್ದರು. ನಮ್ಮ ಸ್ಟಾಫ್ ರೂಮಿನ ಕೆಳಗೇ ಕೆಮಿಸ್ಟ್ರಿ ಲ್ಯಾಬು. ಹನ್ನೊಂದು ವರ್ಷದ ಸರ್ವಿಸಿನಲ್ಲಿ ನಾನು ಅದರೊಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು. ಕನ್ನಡ ಮೇಡಂಗೆ ಅಲ್ಲೇನು ಕೆಲಸ ಅಲ್ಲವೇ? ಕೆಮಿಸ್ಟ್ರಿ ಮೇಷ್ಟ್ರು ವಿಷಯ ಕೇಳಿ ಓಡಿಬಂದರು. ಮಂಡಿಯೂರಿ ಕೂತು, ಉದುರಿದ ಕೆಂಪು ಪುಡಿಯನ್ನು ಕಾಗದಕ್ಕೆ ಬಳಿದುಕೊಂಡರು. ಅವರೂ ಪುಟ್ಟಸ್ವಾಮಿಯೂ ಅಂಟು, ಹದ, ಬಿಸಿಲು ಅಂತ ಮಾತಿಗೆ ಕೂತರು ನೋಡಿ, ಮಧ್ಯಾಹ್ನದವರೆಗೆ ಏಳಲೇ ಇಲ್ಲ. ಆ ಮೇಷ್ಟ್ರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಕಾಲೇಜು ಅಂದರೆ ಕೊಡುವುದು, ಊರು ಅಂದರೆ ಕೈಯೊಡ್ಡುವುದು ಅಂತ ನಮಗೆ ಯಾರು ಹೇಳಿದರು? ಕೆ.ಆರ್. ನಗರದ ಸುತ್ತಮುತ್ತ ಹಾರ್ಮೋನಿಯಂ ಹಿಡಿದು ನಾಟಕ ಕಲಿಸುವ ಮೇಷ್ಟ್ರುಗಳಿದ್ದಾರೆ. ರಟ್ಟಿನಲ್ಲಿ ಕಿರೀಟ ಮಾಡುವವರಿದ್ದಾರೆ. ನಾವು ಅವರ ಹತ್ತಿರ ಹೋಗುವುದು ಪ್ರಾಜೆಕ್ಟ್ ಇದ್ದಾಗ ಮಾತ್ರ. ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟಿನವರ ಹಾಡಿಗಳಿಗೆ ಹೋಗಿ ಹಾಡು ರೆಕಾರ್ಡ್ ಮಾಡಿಕೊಂಡು ಬರುತ್ತೇವೆ. ಅದನ್ನು ಅವರಿಗೇ ಕೇಳಿಸಲು ವಾಪಸ್ ಹೋದವರನ್ನು ನಾನಂತೂ ಕಂಡಿಲ್ಲ. (ನಾನೂ ಹೋಗಿಲ್ಲ.)

ಪುಟ್ಟಸ್ವಾಮಿಯವರ ಒಪ್ಪಂದದ ಫೈಲನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದೆವು. ಅದು ವಾಪಸ್ ಬಂತು, ಎರಡು ತಕರಾರಿನೊಂದಿಗೆ. ತಂದೆ ಮಗಳ ಮೌಲ್ಯಮಾಪನ ಮಾಡುವಂತಿಲ್ಲ. ತರಬೇತಿ ಕೊಡುವವರ ವಿದ್ಯಾರ್ಹತೆ ತಿಳಿಸಿ.

ಮೊದಲನೆಯದು ನ್ಯಾಯವೇ. ಅಂಕ ಹಾಕಲು ಬೇರೆಯವರನ್ನು ಹುಡುಕಬಹುದಿತ್ತು. ಎರಡನೆಯದಕ್ಕೆ ಏನು ಬರೆಯಲಿ? ಪುಟ್ಟಸ್ವಾಮಿ ಓದಿರುವುದು ನಾಲ್ಕನೇ ಕ್ಲಾಸು. ಜಗಳ ಆಡಬಹುದಿತ್ತು. ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೇ ಹೋಗಿ ಕೂರಬಹುದಿತ್ತು. ಕೊನೆಯ ದಿನಾಂಕ ಹತ್ತಿರವಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಸುಮ್ಮನಾದೆ.

"ಬುಡಿ ಮೇಡಂ, ಮೈಸೂರಿಗೇ ಹೋಗ್ತೀನಿ," ಅಂದಳು ಸುಧಾ. "ನಾನು ಡಿಗ್ರಿ ಮಾಡ್ಲಿಲ್ಲ ಅಂದ್ರೆ, ಪರದೆಯಿಂದ್ಲೇ ಮಗಳ ಓದು ಕೆಡ್ತು ಅಂತ ಅಪ್ಪ ಅದನ್ನ ಮುಟ್ಟೋದೇ ಬಿಟ್ಬುಡ್ತಾರೆ."

ಪುಟ್ಟಸ್ವಾಮಿ ತಾವೇ ಮಿರ್ಲೆಗೆ ಹೋಗಿ, ಈ ಸಲ ಆಗುವುದಿಲ್ಲ ಅಂತ ಕೈಮುಗಿದು ಬಂದರಂತೆ. ಕೊಟ್ಟ ಮಾತು ತಪ್ಪಿದ್ದು ಅವರಿಗೆ ಅದೇ ಮೊದಲಂತೆ. ಅಲ್ಲಿ ಫ್ಲೆಕ್ಸ್ ಕಟ್ಟಿ ನಾಟಕ ಆಡಿದರು. "ಲೈಟ್ ಬುಟ್ರೆ ಏನೂ ಕಾಣಕ್ಕಿಲ್ಲ ಮೇಡಂ, ಬರೀ ಫಳಫಳ," ಅಂದ ರಾಜಣ್ಣ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಲ್ಯಾಬಿನಲ್ಲಿ ಮಾತ್ರ ಕೆಲಸ ನಿಂತಿಲ್ಲ. ಬಣ್ಣ ಬಳಿದ ಬಟ್ಟೆಯ ಪಟ್ಟಿಗಳನ್ನು ಬಿ.ಎಸ್ಸಿ. ಮಕ್ಕಳು ದಿನಾ ಸುತ್ತಿ ಬಿಚ್ಚಿ ನೋಡುತ್ತಿದ್ದಾರೆ. ಪುಟ್ಟಸ್ವಾಮಿ ವಾರಕ್ಕೊಮ್ಮೆ ಬಂದು, ಬೆರಳಲ್ಲಿ ಉಜ್ಜಿ, "ಇನ್ನೂ ಸಾಲ್ದು" ಅಂದು ಹೋಗುತ್ತಾರೆ. ಇದಕ್ಕೆ ಸಹಿಯೂ ಇಲ್ಲ, ಶಾಲೂ ಇಲ್ಲ. ಆದರೂ ನಡೆಯುತ್ತಿದೆ.

ಮೊನ್ನೆ ಸುಧಾ ಇಂಟರ್ನ್‌ಷಿಪ್ ಮುಗಿಸಿ ರಿಪೋರ್ಟ್ ತಂದಳು. ಕಂಪನಿಯವರು 'ಎಕ್ಸಲೆಂಟ್' ಅಂತ ಬರೆದುಕೊಟ್ಟಿದ್ದಾರೆ. ಏನೇನು ಮಾಡಿಸಿದರಮ್ಮ ಅಂತ ಕೇಳಿದೆ. ಮೊದಲ ಎರಡು ವಾರ ಕುರ್ಚಿಗಳಿಗೆ ರಿಬ್ಬನ್ ಕಟ್ಟಿಸಿದರಂತೆ. ಆಮೇಲೆ ಯಾವುದೋ ಮದುವೆಯವರು ಹಳೇ ನಾಟಕದ ಥರದ ಸ್ಟೇಜು ಬೇಕು ಅಂದರಂತೆ. ಅಲ್ಲಿ ಯಾರಿಗೂ ಬಾರದು. ಇವಳು ಕೂತು ದರ್ಬಾರ್ ಬರೆದಳು. ಅಂಟು ಕಾಯಿಸುವುದು, ದಾರ ಹಿಡಿದು ಕಂಬದ ಗೆರೆ ಎಳೆಯುವುದು, ನೆರಳು ಕೊಡುವುದು, ಎಲ್ಲವನ್ನೂ ಅಲ್ಲಿನ ಮೂವರು ಡಿಸೈನರುಗಳು ಪಕ್ಕದಲ್ಲಿ ಕೂತು ಇವಳಿಂದ ಕಲಿತರು. ಮೂವರೂ ದೊಡ್ಡ ದೊಡ್ಡ ಡಿಗ್ರಿಯವರು.

ಫಾರ್ಮಿನಲ್ಲಿ 'ಸಂಸ್ಥೆಯಿಂದ ಕಲಿತ ಹೊಸ ಕೌಶಲ' ಅನ್ನುವ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು.

"ಏನಾದ್ರೂ ಬರಿಯಮ್ಮ, ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ," ಅಂದೆ.

"ರಿಬ್ಬನ್ ಕಟ್ಟೋದು ಅಂತ ಬರೀಲಾ ಮೇಡಂ?" ಅಂದಳು. ನಗಲಿಲ್ಲ.

ಬರೆದಳು. ನಾನು ಸಹಿ ಹಾಕಿದೆ. ಈಗ ನೀವೇ ಹೇಳಿ, ಆ ಆರು ವಾರ ಅಲ್ಲಿ ಇಂಟರ್ನ್ ಆಗಿದ್ದವರು ಯಾರು?